ಸಂಜೆ ಮಲ್ಲಿಗೆಯ ಪೌಡರು

"ಉಮ್ಮಾ, ಹತ್ತು ನಿಮಿಷ ಹಿತ್ತಿಲಲ್ಲೇ ಇರು. ಈಚೆ ಬರ್ಬೇಡ," ಎಂದು ಮಿಸ್ರಿಯಾ ಗುಲಾಬಿಯ ಕುಂಡವನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಎಳೆದಳು. ಕುಂಡ ಪಕ್ಕದ ಮನೆಯ ಪದ್ಮಾಕ್ಷಿಯಕ್ಕನದು. ಬೆಳಿಗ್ಗೆ ಕೇಳಿ ತಂದದ್ದು.

ಇವತ್ತು ಪುಸ್ತಕ ನೋಡದೆ ಹತ್ತು ನಿಮಿಷ ಜಪಾನಿಯಲ್ಲಿ ಮಾತಾಡಿದರೆ ಆನ್‌ಲೈನಿನಲ್ಲಿ ಆ ಭಾಷೆ ಕಲಿಸುವ ಹಮಾದಾ ಟೀಚರು ಅವಳ ಹೆಸರನ್ನು ಸೋಮವಾರದ ಸಂದರ್ಶನಕ್ಕೆ ಕಳಿಸುತ್ತಾರೆ. ಒಸಾಕಾದ ವೃದ್ಧಾಶ್ರಮದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸ. ತಪ್ಪಿದರೆ ಇನ್ನಾರು ತಿಂಗಳು ಕಾಯಬೇಕು.

ಮಾತಿನ ವಿಷಯ ಹವ್ಯಾಸ. 'ನನ್ನ ಹವ್ಯಾಸ ಹೂ ಬೆಳೆಸುವುದು' ಎಂದು ಪಾಠದಲ್ಲಿತ್ತು, ಇವಳು ಗಿಣಿಯ ಹಾಗೆ ಬಾಯಿಪಾಠ ಮಾಡಿದ್ದಳು. ನಿಜಕ್ಕೂ ಹೂ ಬೆಳೆಸುವವಳು ಉಮ್ಮ ಜುಲೈಕಾ. ಪುತ್ತಿಗೆಯ ಅವರ ಮನೆಯ ಹಿತ್ತಿಲಲ್ಲಿ ಪೇಂಟಿನ ಡಬ್ಬ, ಒಡೆದ ಬಕೆಟ್ಟು, ಎಲ್ಲದರಲ್ಲೂ ಗಿಡ. ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಂತೂ ಸಂಜೆ ಮಲ್ಲಿಗೆಯ ದೊಡ್ಡ ಪೊದೆ. ಮಗಳು ಒಂದು ದಿನವೂ ಒಂದು ಚೊಂಬು ನೀರು ಹಾಕಿದವಳಲ್ಲ. ಜಪಾನಿನವರಿಗೆ ಈ ಕಾಡುಗಿಡವನ್ನು ತೋರಿಸುವುದುಂಟೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಸರಿಯಾಗಿ ಐದಕ್ಕೆ ಪರದೆಯ ಮೇಲೆ ಎಪ್ಪತ್ತು ದಾಟಿದ ಹಮಾದಾ ಟೀಚರು ನಕ್ಕರು. ಗುಲಾಬಿ ಚೆಂದ ಎಂದರು. ಗೆಲ್ಲು ಕತ್ತರಿಸುವುದು ಯಾವ ತಿಂಗಳಲ್ಲಿ? ಹುಳ ಬಿದ್ದರೆ ಏನು ಮಾಡುತ್ತೀ? ಪಾಠದಲ್ಲಿ ಅದೆಲ್ಲ ಇರಲಿಲ್ಲ. ಮಿಸ್ರಿಯಾ ಬಾಯಿಪಾಠದ ಸಾಲನ್ನೇ ಇನ್ನೊಮ್ಮೆ ಹೇಳಿದಳು. ಮೂರು ನಿಮಿಷವೂ ಆಗಿರಲಿಲ್ಲ.

ಟೀಚರು ಮುಂದಕ್ಕೆ ಬಾಗಿ ಅವಳ ಹಿಂದಿನ ಕಿಟಕಿಯನ್ನು ತೋರಿಸಿದರು. ಅದು ಯಾವ ಹೂವು?

ಸಂಜೆ ಮಲ್ಲಿಗೆ ಆಗಷ್ಟೇ ಅರಳಿತ್ತು. ಅದಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಸುಳ್ಳಿಗೆ ಬೇಕಾದಷ್ಟು ಶಬ್ದಗಳೂ ಉಳಿದಿರಲಿಲ್ಲ. "ಅಮ್ಮನ ಹೂವು," ಎಂದು ಜಪಾನಿಯಲ್ಲೇ ತಡವರಿಸಿದಳು. "ಗುಲಾಬಿ ಪಕ್ಕದ ಮನೆಯದು. ಕ್ಷಮಿಸಿ."

ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತೋರಿಸು, ತೋರಿಸು ಎಂದರು.

ಲ್ಯಾಪ್‌ಟಾಪ್ ಎತ್ತಿಕೊಂಡು ಮಿಸ್ರಿಯಾ ಹಿತ್ತಿಲಿಗೆ ಓಡಿದಳು. "ಅಲ್ಲಾಹ್! ಈ ಹಳೇ ನೈಟಿಯಲ್ಲಿಯಾ?" ಎಂದು ಜುಲೈಕಾ ತಲೆಯ ಮೇಲೆ ಶಾಲು ಎಳೆದುಕೊಂಡಳು. ಟೀಚರು ಏನೋ ಗಡಿಬಿಡಿಯಲ್ಲಿ ಹೇಳುತ್ತಾ ಬೆರಳಿನಿಂದ ಕೆನ್ನೆ ಉಜ್ಜಿ ತೋರಿಸಿದರು. ಮಗಳಿಗೆ ತಲೆಬುಡ ತಿಳಿಯಲಿಲ್ಲ.

"ಪೌಡರ್ ಮಾಡ್ಲಿಕ್ಕೆ ಹೇಳೂದು ಮಾರಾಯ್ತಿ!" ಎಂದಳು ಜುಲೈಕಾ. ಕರಿಮೆಣಸಿನಂಥ ಬೀಜವೊಂದನ್ನು ಕಿತ್ತು, ಕಲ್ಲಿನ ಮೇಲೆ ಜಜ್ಜಿ, ಒಳಗಿನ ಬಿಳಿ ಹಿಟ್ಟನ್ನು ಕೆನ್ನೆಗೆ ಬಳಿದುಕೊಂಡಳು. ಆಚೆ ಹಮಾದಾ ಟೀಚರು ಚಪ್ಪಾಳೆ ತಟ್ಟಿದರು. ಅವರೂ ಚಿಕ್ಕಂದಿನಲ್ಲಿ ಹೀಗೇ ಆಡಿದವರಂತೆ!

ಆಮೇಲೆ ಮಿಸ್ರಿಯಾಳನ್ನು ಹಿಡಿಯುವವರಿಲ್ಲ. ಬೀಜ ಕಪ್ಪು, ಒಳಗೆ ಬಿಳಿ, ಸಂಜೆ ಅರಳುತ್ತದೆ, ಬೆಳಿಗ್ಗೆ ಮಲಗುತ್ತದೆ, ಅಮ್ಮ ಬೈದರೂ ಮಕ್ಕಳು ಹಚ್ಚಿಕೊಳ್ಳುತ್ತಾರೆ! ವಿಭಕ್ತಿ ತಪ್ಪಿತು, ಕಾಲ ತಪ್ಪಿತು, ಮಾತು ನಿಲ್ಲಲಿಲ್ಲ. ಟೀಚರು ಗಡಿಯಾರ ನೋಡುವಾಗ ಹದಿನಾಲ್ಕು ನಿಮಿಷವಾಗಿತ್ತು. ಹೆಸರು ಕಳಿಸುತ್ತೇನೆ, ಸೋಮವಾರ ಇದೇ ಗಿಡದ ಬಗ್ಗೆ ಹೇಳು, ಯಾರು ನೆಟ್ಟದ್ದೆಂದು ಕೇಳಿಟ್ಟುಕೋ ಎಂದರು.

"ಉಮ್ಮಾ, ನನ್ನ ಹೆಸರು ಉಂಟು!" ಮಿಸ್ರಿಯಾ ಲ್ಯಾಪ್‌ಟಾಪನ್ನು ಕಲ್ಲಿನ ಮೇಲಿಟ್ಟು ಉಮ್ಮನನ್ನು ತಬ್ಬಿಕೊಂಡು ಕುಣಿದಳು. ಖುಷಿಗೆ ಕಣ್ಣು ತುಂಬಿತ್ತು. "ಇದನ್ನು ನೀನು ಯಾವಾಗ ನೆಟ್ಟದ್ದು?"

"ನಾನೆಲ್ಲಿ ನೆಟ್ಟೆ? ಒಂದನೇ ಕ್ಲಾಸಿಗೆ ಹೋಗುವಾಗ ನೀನೇ ಅಲ್ವಾ, ಪದ್ಮಾಕ್ಷಿಯಲ್ಲಿಂದ ಲಂಗದಲ್ಲಿ ಬೀಜ ತುಂಬಿಸಿ ತಂದು, ಮುಖಕ್ಕೆಲ್ಲ ಬಳಿದು, ಉಳಿದದ್ದನ್ನು ಇಲ್ಲಿ ಬಿಸಾಡಿದ್ದು? ನಾನು ಕಿತ್ತು ಹಾಕ್ಲಿಲ್ಲ, ಅಷ್ಟೇ."

ಮಿಸ್ರಿಯಾ ಕಲ್ಲಿನ ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ನೀರು ಮೊಗೆದಳು.

"ಬುಡಕ್ಕೆ ಹಾಕು ಮೋಳೆ," ಎಂದಳು ಜುಲೈಕಾ ಮಗಳಿಗೆ, "ಹೂವಿಗಲ್ಲ."