ಶ್ರಾವ್ಯಾಳ ಹನ್ನೊಂದು ಜಡೆ

ಚಂಪಾ ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವಳು. ನಾನೂರು ಮೀಟರ್ ಓಟದಲ್ಲಿ ಪದಕ ಗೆದ್ದು, ಕ್ರೀಡಾ ಕೋಟಾದಲ್ಲಿ ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ ಕೆಲಸ ಸಿಕ್ಕಿ, ಇಪ್ಪತ್ತನೇ ವಯಸ್ಸಿಗೆ ಕೋಲ್ಕತ್ತಾಕ್ಕೆ ಬಂದಳು. ಕೌಂಟರಿನ ಗಾಜಿನಾಚೆ ನಿಂತವರು ಅವಳ ಮುಖ, ಗುಂಗುರು ಕೂದಲು ನೋಡಿ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಿದ್ದರು. ಕೆಲವರು ಸುಮ್ಮನೆ ಪಕ್ಕದ ಸಾಲಿಗೆ ಸರಿದುಹೋಗುತ್ತಿದ್ದರು. ಒಂದು ದಿನ ಮೇಲಧಿಕಾರಿ, "ತಲೆ ಸ್ವಲ್ಪ ನೀಟಾಗಿ ಇಟ್ಟುಕೊಂಡು ಬಾರಮ್ಮ" ಅಂದರು. ಅವತ್ತೇ ಸಂಜೆ ಅವಳು ಪಾರ್ಲರಿಗೆ ಹೋದಳು.

ಹದಿನಾರು ವರ್ಷದಿಂದ ಮೂರು ತಿಂಗಳಿಗೊಮ್ಮೆ ಅದೇ ಘಾಟು ವಾಸನೆಯ ಕ್ರೀಮು, ಅದೇ ಬಿಸಿ ಇಕ್ಕಳ. ನೆತ್ತಿ ಸುಟ್ಟರೂ ಕೂದಲು ನೇರವಾಯಿತು. ಹೆಸರಿನ ಕೊನೆಯ 'ಸಿದ್ದಿ' ಕಳಚಿತು. ಊರು ಕೇಳಿದರೆ "ಕರ್ನಾಟಕ" ಎಂದು ಹೇಳಿ ಮಾತು ಬದಲಿಸುವುದನ್ನು ಕಲಿತಳು. ಗಂಡ ವಿನಯ ಖರಗ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಲೇಕ್ ಗಾರ್ಡನ್ಸಿನ ಬಾಡಿಗೆ ಮನೆಯಲ್ಲಿ ಅವಳೂ ಮಗಳು ಶ್ರಾವ್ಯಾಳೂ ಇಬ್ಬರೇ.

ಶ್ರಾವ್ಯಾಗೆ ಹದಿಮೂರು. ಅವಳ ಕೂದಲನ್ನು ಚಂಪಾ ಬಿಗಿಯಾಗಿ ಎಳೆದು ಗಂಟು ಹಾಕಿ ಕಳಿಸುತ್ತಿದ್ದಳು. ಈ ಸಲದ ದುರ್ಗಾಪೂಜೆಗೆ ಪಾಡಾದ, ಎಂದರೆ ಬಡಾವಣೆಯ, ಕ್ಲಬ್ಬಿನವರು ಎಂಟು ಹುಡುಗಿಯರ ನೃತ್ಯ ಇಟ್ಟುಕೊಂಡಿದ್ದರು. ಶ್ರಾವ್ಯಾ ಮುಂದಿನ ಸಾಲಿನಲ್ಲಿದ್ದಳು. ನೃತ್ಯ ಕಲಿಸುವ ಪದ್ಮಿನಿ ದೀದಿ ಚಂಪಾಳನ್ನು ಕರೆದು ಪ್ರೀತಿಯಿಂದಲೇ ಹೇಳಿದರು: "ಎಂಟೂ ಜನ ಒಂದೇ ಥರ ಕಾಣಬೇಕು. ನಿಮ್ಮ ಹಾಗೇ ಮಗಳಿಗೂ ಕೂದಲು ನೇರ ಮಾಡಿಸಿಬಿಡಿ. ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!"

"ಆಯಿತು ದೀದಿ" ಅಂದಳು ಚಂಪಾ. ಭಾನುವಾರಕ್ಕೆ ಪಾರ್ಲರಿನಲ್ಲಿ ಹೆಸರು ಬರೆಸಿದಳು.

ಪೂಜೆ ನೋಡಲೆಂದು ಊರಿನಿಂದ ಚಂಪಾಳ ತಾಯಿ ಇಂದಿರಮ್ಮ ಬಂದಿದ್ದರು. ಶನಿವಾರ ಮೊಮ್ಮಗಳು ಮೂಲೆಯಲ್ಲಿ ಕೂತು ಅಳುವುದನ್ನು ಕಂಡು ಹತ್ತಿರ ಹೋದರು.

"ಎಂತಕ್ಕೆ ಅಳ್ತೀ ಮಗಾ?"

"ನಾಳೆ ಹೇರ್‌ಗೆ ಕ್ರೀಮ್ ಹಾಕಿಸ್ತಾರೆ ಅಜ್ಜಿ. ಅಮ್ಮಂಗೆ ಸ್ಕಿನ್ ಬರ್ನ್ ಆಗಿತ್ತು. ನಾನು ನೋಡಿದೀನಿ."

ಇಂದಿರಮ್ಮ ಮಗಳನ್ನು ಬೈಯಲಿಲ್ಲ. "ನಾಳೆ ಬೆಳಿಗ್ಗೆ ಇವಳ ತಲೆ ನಂಗೆ ಕೊಡು. ಆಮೇಲೆ ನೀ ಎಲ್ಲಿಗೆ ಬೇಕಾದ್ರೂ ಕರ್ಕಂಡು ಹೋಗು" ಎಂದಷ್ಟೇ ಹೇಳಿದರು.

ಬೆಳಿಗ್ಗೆ ಬಾಲ್ಕನಿಯಲ್ಲಿ ಚಾಪೆ ಹಾಸಿ, ಮೊಮ್ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದರು. ಬೆರಳಿನಿಂದಲೇ ಸಿಕ್ಕು ಬಿಡಿಸಿದರು. ಬಾಚಣಿಗೆಯ ತುದಿಯಿಂದ ಹಣೆಯಿಂದ ಕತ್ತಿನವರೆಗೆ ಒಂದು ಗೆರೆ ಎಳೆದು, ನೆತ್ತಿಗೆ ಅಂಟಿದಂತೆ ಜಡೆ ಹೆಣೆಯತೊಡಗಿದರು. ಎಪ್ಪತ್ತರ ಮುದುಕಿಯ ಗಂಟುಗಟ್ಟಿದ ಬೆರಳುಗಳು ನೋಡುತ್ತಾ ನೋಡುತ್ತಾ ಹದಿನೆಂಟರ ಬೆರಳುಗಳಾದವು. ಕಣ್ಣು ರಸ್ತೆಯ ಮೇಲಿದ್ದರೂ ಕೈ ಒಂದು ಎಳೆಯನ್ನೂ ತಪ್ಪಿಸಲಿಲ್ಲ. ಎದುರು ಮನೆಯ ಹೆಂಗಸರು ಬಟ್ಟೆ ಒಣಗಿಸುವುದನ್ನು ಬಿಟ್ಟು ನಿಂತರು.

ನಾಲ್ಕು ತಾಸು ಕಳೆಯಿತು. ಹನ್ನೊಂದು ಸಾಲು, ಉತ್ತ ಗದ್ದೆಯ ಹಾಗೆ. ಚಂಪಾ ಚಹದ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಪಾರ್ಲರಿಗೆ ಹೋಗುವ ಹೊತ್ತು ಮೀರಿದ್ದು ಅವಳಿಗೆ ತಿಳಿಯಲೇ ಇಲ್ಲ.

"ಇದನ್ನ ನಿಂಗೆ ಯಾರು ಕಲಿಸಿದ್ರು ಆಯಿ?" ಎಂದು ತಾಯಿಯನ್ನು ಕೇಳಿದಳು.

"ನನ್ನಜ್ಜಿ. ಅವಳಿಗೆ ಅವಳಜ್ಜಿ. ಅದರ ಹಿಂದೆ ನಂಗೆ ಗೊತ್ತಿಲ್ಲ. ಹಡಗಲ್ಲಿ ಕಟ್ಟಿ ತಂದಾಗ ನಮ್ಮೋರ ಹತ್ರ ಎಂತದೂ ಇರ್ಲಿಲ್ವಂತೆ. ಹೆಸರೂ ಹೋತು, ಮಾತೂ ಹೋತು. ಕೈಗೆ ಗೊತ್ತಿದ್ದದ್ದು ಮಾತ್ರ ಉಳೀತು."

"ನಂಗ್ಯಾಕೆ ಹಾಕ್ಲಿಲ್ಲ?"

"ಹಾಕಿದ್ದೆ. ಆರನೇ ಕ್ಲಾಸಲ್ಲಿ. ಶಾಲೆಲಿ ನಗ್ತಾರೆ ಅಂತ ನೀನೇ ದಾರಿಲಿ ಬಿಚ್ಚಿಕೊಂಡು ಹೋದೆ."

ಚಂಪಾಗೆ ಆ ದಾರಿ ನೆನಪಾಯಿತು. ಬಗ್ಗಿ, ಮಗಳ ತಲೆಯ ಮೇಲಿನ ಒಂದೊಂದೇ ಸಾಲನ್ನು ಬೆರಳಿನಿಂದ ಮುಟ್ಟಿದಳು.

ಸಂಜೆಯ ಅಭ್ಯಾಸಕ್ಕೆ ಹೋದಾಗ ಪದ್ಮಿನಿ ದೀದಿಯ ಮುಖ ಚಿಕ್ಕದಾಯಿತು. "ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಉಳಿದವರಿಗೆ ಹೊಂದಲ್ಲವಲ್ಲ. ನೀವೇ ಹೇಳಿ, ಏನು ಮಾಡೋಣ?"

ಇಷ್ಟು ವರ್ಷ ಯಾರು ಏನು ಹೇಳಿದರೂ "ಆಯಿತು" ಎಂದವಳು ಚಂಪಾ. ನಾಲಿಗೆ ಆ ಮಾತಿಗೇ ಹೊರಳಿತು. ಆದರೆ ಮಗಳು ತನ್ನನ್ನೇ ನೋಡುತ್ತಿದ್ದಳು.

"ಅವಳು ಹೀಗೇ ಕುಣೀತಾಳೆ ದೀದಿ" ಅಂದಳು. "ಹೊಂದಲಿಲ್ಲ ಅಂದ್ರೆ ಹಿಂದಿನ ಸಾಲಿಗೆ ಹಾಕಿ. ಕೂದಲು ಮಾತ್ರ ಸುಡಿಸಲ್ಲ."

ಹಾಗೆಯೇ ಆಯಿತು. ಶ್ರಾವ್ಯಾ ಹಿಂದಿನ ಸಾಲಿನ ಕೊನೆಗೆ ಹೋದಳು.

ಸಪ್ತಮಿಯ ಸಂಜೆ ಢಾಕ್ ಡೋಲಿನ ಬಡಿತ ನಿಂತು, ವೇದಿಕೆಯ ದೀಪ ಬೆಳಗಿತು. ಚಂಪಾ ಮಗಳು ಕುಣಿಯುವುದನ್ನು ನೂರು ಸಲ ನೋಡಿದ್ದಳು. ಯಾವಾಗಲೂ ಶ್ರಾವ್ಯಾ ತಲೆ ತುಸು ತಗ್ಗಿಸಿ, ಗಂಟು ಬಿಚ್ಚೀತೆಂಬ ಅಂಜಿಕೆಯಲ್ಲೇ ಕುಣಿಯುತ್ತಿದ್ದಳು. ಇವತ್ತು ಕತ್ತು ನೆಟ್ಟಗಿತ್ತು. ತಿರುಗಿದಾಗ ಹನ್ನೊಂದು ಜಡೆಯ ತುದಿಗಳು ಒಟ್ಟಿಗೆ ಹಾರಿ ಬಂದು ಭುಜಕ್ಕೆ ಬಡಿದವು. ಜನ ಇಣುಕಿ ಇಣುಕಿ ಹಿಂದಿನ ಸಾಲನ್ನೇ ನೋಡಿದರು. ಈ ಮಗು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೌದೇ ಎಂದು ಚಂಪಾಗೆ ಮೈ ಜುಮ್ಮೆಂದಿತು. ಇಂದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಪದ್ಮಿನಿ ದೀದಿ ಬಂದು ಶ್ರಾವ್ಯಾಳ ಕೆನ್ನೆ ಸವರಿದರು. ಮುಂದಿನ ವರ್ಷ ಎಲ್ಲಿ ನಿಲ್ಲಿಸುತ್ತೇನೆಂದು ಮಾತ್ರ ಹೇಳಲಿಲ್ಲ.

ರಜೆ ಮುಗಿದು ಚಂಪಾ ಕೆಲಸಕ್ಕೆ ಹೋದ ದಿನ ಅವಳ ತಲೆಯಲ್ಲಿ ನೇರ ಕೂದಲು ಇರಲಿಲ್ಲ. ಆಯಿ ಅದನ್ನು ಕತ್ತರಿಸಿದ್ದರು. ನೆತ್ತಿಯ ಮೇಲೆ ಎರಡು ಬೆರಳಷ್ಟು ಗುಂಗುರು ಉಳಿದಿತ್ತು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಅಮಿತ್ ದಾ ಗಾಬರಿಯಾಗಿ, "ಏನಾಯಿತು ಚಂಪಾ? ಹುಷಾರಿಲ್ವಾ?" ಎಂದು ಕೇಳಿದರು.

"ಹುಷಾರಾಗಿದೀನಿ. ಇದು ನನ್ನ ಕೂದಲು. ನಾವು ಸಿದ್ದಿಗಳು, ಅಮಿತ್ ದಾ. ನಮ್ಮ ಹಿಂದಿನವರು ಆಫ್ರಿಕಾದಿಂದ ಬಂದವರು."

"ಯಾವಾಗ?"

"ನಾನೂರು, ಐನೂರು ವರ್ಷ ಆಗಿರಬೇಕು."

ಅಮಿತ್ ದಾ ಕನ್ನಡಕ ತೆಗೆದು ಅವಳನ್ನು ನೋಡಿದರು. ಚಂಪಾ ಆ ಮಾತನ್ನು ಹಿಂದೆಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಐನೂರು ವರ್ಷ. ಅಷ್ಟು ಕಾಲ ಯಾರೋ ಒಬ್ಬಳು ಇನ್ನೊಬ್ಬಳ ತಲೆಗೆ ಜಡೆ ಹೆಣೆಯುತ್ತ ಕೂತೇ ಇದ್ದಳು. ಗಾಜಿನಾಚೆ ಜನ ಸಾಲುಗಟ್ಟಿದ್ದರು. ಅವಳು ನೆತ್ತಿಯ ಗುಂಗುರನ್ನು ಒಮ್ಮೆ ಮುಟ್ಟಿಕೊಂಡು, ಸಾಲಿನ ಮೊದಲಿನವರತ್ತ ಕೈ ಚಾಚಿದಳು.