ಫೆಬ್ರವರಿಯ ಹಾಳೆ

ಅತ್ತೆ ಸೊಸೆ ಮೇಜಿನ ಮೇಲೆ ಮನೆಯವರ ಫೋಟೊ ಹರವಿಕೊಂಡು ಹೊಸ ವರ್ಷದ ಕ್ಯಾಲೆಂಡರ್ ಮಾಡುತ್ತಿದ್ದರು. ಹಡಗಿನಲ್ಲಿ ಅಡುಗೆ ಮಾಡುವ ಮಗ ಮನೆಯಲ್ಲಿರುತ್ತಿದ್ದದ್ದು ಫೆಬ್ರವರಿಯೊಂದೇ ತಿಂಗಳು. ಮಾರ್ಚ್ ಒಂದಕ್ಕೆ ಮತ್ತೆ ಹಡಗು. ಫೋಟೊ ಅಂಟಿಸುವುದು ಸೊಸೆಯ ಪಾಲು, ಪೆನ್ಸಿಲ್ಲಿನಲ್ಲಿ ತಾರೀಖು ಬರೆಯುವುದು ಅತ್ತೆಯದು.

ಸೊಸೆ ಬಟ್ಟೆ ಹೊಲಿಯುವವಳು, ಒಂದು ಹೊಲಿಗೆ ಸೊಟ್ಟಗಾದರೂ ಪೂರ್ತಿ ಬಿಚ್ಚುವ ಪೈಕಿ. ಗಂಡನ ಫೋಟೊ ಅಂಟಿಸಬೇಕಿದ್ದ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅತ್ತೆ, ಫೆಬ್ರವರಿಗೆ ಮೂವತ್ತೊಂದು ದಿನ ಬರೆದಿದ್ದೀರಲ್ಲ."

"ಗೊತ್ತು ಕಣೇ. ಉಳಿದ ತಿಂಗಳಿಗೆಲ್ಲ ಧಾರಾಳ, ಇದೊಂದಕ್ಕೇ ಯಾಕೆ ಜಿಪುಣತನ? ಸುಮ್ಮನೆ ಅಂಟಿಸು."

ಸೊಸೆ ರಬ್ಬರ್ ಎತ್ತಿಕೊಂಡಳು. ಅತ್ತೆ ಮುಖ ಆಚೆ ತಿರುಗಿಸಿದರು.

ಸೊಸೆ ಮಾರ್ಚಿನ ಹಾಳೆ ಹತ್ತಿರಕ್ಕೆಳೆದುಕೊಂಡು, ಅದರ ಮೊದಲ ಮೂರು ದಿನಗಳನ್ನು ಗುರುತೂ ಉಳಿಯದಂತೆ ಅಳಿಸಿದಳು.