ಇನಾಸನ ಕುಳ್ಳು ಮಣೆ

"ಹುಡುಗಿಯ ಎತ್ತರ ಎಷ್ಟು ಇನಾಸ ಪೊರ್ಬುಗಳೇ? ಅದು ಹೇಳದೆ ಮಣೆ ಮಾಡುವುದು ಹೇಗೆ?" ಎಂದು ತ್ಯಾಂಪ ಆಚಾರಿ ಕೇಳಿದ.

"ನಾನು ನೋಡಿದ್ದು ಇಗರ್ಜಿಯಲ್ಲಿ ಮಾರಾಯ, ಅವಳು ಪ್ರಾರ್ಥನೆಗೆ ಮೊಣಕಾಲೂರಿದ್ದಳು. ಇಷ್ಟು ಇದ್ದಾಳೆ," ಎಂದು ಇನಾಸ ತನ್ನ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದ.

ಆಚಾರಿ ನಕ್ಕ. ನಗುತ್ತಲೇ ಆ ಕೈಯ ಅಂದಾಜಿಗೆ ನನ್ನನ್ನು ಕೊರೆದ. ಹಾಗೆ ನಾನು ಹುಟ್ಟಿದೆ. ನಾನೊಂದು ತೆಂಗಿನಕಾಯಿ ಹೆರೆಯುವ ಮಣೆ. ಮೈ ಹಲಸಿನ ಮರದ್ದು, ಮುಂದೆ ಚಾಚಿದ ಕತ್ತು ಕಬ್ಬಿಣದ್ದು, ಕತ್ತಿನ ತುದಿಗೆ ಹದಿನೆಂಟು ಹಲ್ಲು. ಶಿರ್ವದ ಸುತ್ತ ಮನೆಮನೆಯಲ್ಲೂ ನನ್ನಂಥವು ಇದ್ದವು. ಅವೆಲ್ಲಕ್ಕಿಂತ ನಾನು ನಾಲ್ಕು ಬೆರಳು ಕುಳ್ಳು.

ಮದುವೆಯಾದ ಮೂರನೆಯ ದಿನ ಇನಾಸ ನನ್ನನ್ನು ಕಾರ್ಮಿನಳ ಮುಂದೆ ತಂದಿಟ್ಟ. ಅವಳೋ, ಬಾಗದೆ ಅಡುಗೆಮನೆಯ ಬಾಗಿಲು ದಾಟಲಾಗದಷ್ಟು ಉದ್ದ. ನನ್ನ ಮೇಲೆ ಕುಳಿತಾಗ ಮೊಣಕಾಲು ಗಲ್ಲಕ್ಕೆ ಬಂತು.

"ಇದು ಯಾರಿಗೆ ಮಾಡಿಸಿದ್ದು? ನಿಮಗೆ ಇನ್ನೊಬ್ಬಳು ಇದ್ದಾಳಾ ಎಂತ?"

"ಮಣೆಗೆ ಹೇಳುವಾಗ ನೀನು ನಿಂತದ್ದು ನಾನು ನೋಡಿರಲೇ ಇಲ್ಲ. ಬೇರೆ ಮಾಡಿಸ್ತೇನೆ ಬಿಡು."

"ಬೇಡ. ಇದೇ ಇರ್ಲಿ."

ಬಂದ ನೆಂಟರಿಗೆಲ್ಲ ಅವಳು ಈ ಕತೆ ಹೇಳುತ್ತಿದ್ದಳು. ಪ್ರತಿ ಸಲವೂ ಇನಾಸ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಮನುಷ್ಯರ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ, ಭಾರ ಗೊತ್ತು. ಗಂಡನ ಹತ್ತಿರ ಮಾತು ಬಿಟ್ಟವಳ ಭಾರ ಬೇರೆ, ಮಾತು ಸರಿಹೋದ ಮರುದಿನದ ಭಾರ ಬೇರೆ. ಕುಳ್ಳಾದರೂ ನನ್ನ ಹಲ್ಲು ಹರಿತ ಎಂದು ಸುತ್ತಿನಲ್ಲಿ ಎಲ್ಲೇ ಮದುವೆಯಾಗಲಿ, ನನ್ನನ್ನು ಎರವಲು ಒಯ್ಯುತ್ತಿದ್ದರು. ಶೆಟ್ಟರ ಮನೆಯ ಧಾರೆಗೆ ಹೋಗಿದ್ದೇನೆ. ಅಲ್ಲಿ ಜೋಡಿಸಿದ ಕೈಗಳ ಮೇಲೆ ನೀರು ಎರೆದರೆ ಮದುವೆ. ಮೊಯಿದಿನಬ್ಬನ ಮನೆಗೆ ಹೋಗಿದ್ದೇನೆ. ಅಲ್ಲಿ ಮದುಮಗ ಬಂದನೆಂದರೆ ಮದರಂಗಿ ಒಣಗದ ಕೈಗಳನ್ನು ಮೇಲೆತ್ತಿಕೊಂಡು ಹುಡುಗಿಯರೆಲ್ಲ ಕಿಟಕಿಗೆ ಮುತ್ತುತ್ತಿದ್ದರು. ನಮ್ಮ ಕ್ರಿಸ್ತುವರಲ್ಲಿ ಮದುವೆಯ ಮುನ್ನಾದಿನ ರೋಸ್. ಆಗ ಹೆರೆದ ಕಾಯಿಯ ಮೊದಲ ಹಾಲನ್ನು ಮದುಮಗಳ ತಲೆಗೆ ಹಚ್ಚಿ, ಹಾಡಿ, ಹರಸುತ್ತಾರೆ. ಶಾಸ್ತ್ರ ಒಂದೊಂದು ಮನೆಯಲ್ಲಿ ಒಂದೊಂದು. ಒಳಗೆ ಕೂತು ಕಾಯಿ ಹೆರೆಯುವ ತಾಯಿಯ ಭಾರ ಮಾತ್ರ ಮೂರೂ ಕಡೆ ಒಂದೇ.

ಕಾರ್ಮಿನಳ ಮಗ ವಲೇರಿಯನ್ ಫ್ಲೋರಿನ್ ಎಂಬ ಹುಡುಗಿಯನ್ನು ಮದುವೆಯಾದ. ಎರಡು ವರ್ಷಕ್ಕೆ ಕಾಮಾಲೆ ಬಂದು ಹೋಗಿಬಿಟ್ಟ. ಅದೇ ವರ್ಷ ಇನಾಸನೂ ಹೋದ. ಅತ್ತೆ ಸೊಸೆ ಇಬ್ಬರೇ ಉಳಿದರು. ಕಾರ್ಮಿನಳ ಮೊಣಗಂಟು ಹಿಡಿಯಿತು, ಮನೆಗೆ ಮಿಕ್ಸಿ ಬಂತು, ನಾನು ಮಂಚದ ಅಡಿಗೆ ಸೇರಿದೆ. ಎಂಟು ವರ್ಷ ಅಲ್ಲೇ ಇದ್ದು ಮನೆಯ ಮಾತು ಕೇಳಿದೆ.

ಯಮನೂರಪ್ಪನ ಹೆಸರು ಕೇಳಿದ್ದೂ ಅಲ್ಲಿಂದಲೇ. ಫ್ಲೋರಿನ್ ಗೋಡಂಬಿ ಕಾರ್ಖಾನೆಗೆ ಹೋಗಿಬರುವ ಬಸ್ಸಿನ ಕಂಡಕ್ಟರ್ ಅವನು, ಕುಷ್ಟಗಿ ಕಡೆಯವನು. ನಮ್ಮ ಗೇಟಿನ ಮುಂದೆ ಮಾತ್ರ ಅವನ ಸೀಟಿ ಎರಡು ಸಲ ಕೂಗುತ್ತಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗೋಣ ಎಂದು ಇಬ್ಬರೂ ಮಾತಾಡಿಕೊಂಡರು.

"ಮಾಂಯ್, ನೀವು ತಲೆ ಮೇಲೆ ಕೈ ಇಡದೆ ನಾನು ಹೋಗುವುದಿಲ್ಲ," ಎಂದು ಫ್ಲೋರಿನ್ ಅತ್ತೆಗೆ ಹೇಳಿದಳು. ಕಾರ್ಮಿನ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ತಿಂಗಳು ಹಾಗೇ ಕಳೆಯಿತು.

ರಿಜಿಸ್ಟ್ರಾರ್ ಕೊಟ್ಟ ದಿನದ ಹಿಂದಿನ ಮಧ್ಯಾಹ್ನ ಪಕ್ಕದ ಮನೆಯ ಪಾವ್ಲಿನ್ ಬಂದಳು. ಯಮನೂರಪ್ಪ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡೇ ಜಗಲಿಯಲ್ಲಿ ನಿಂತಿದ್ದ.

"ರೋಸ್ ಇಲ್ಲ ಅಲ್ವಾ?" ಎಂದಳು ಪಾವ್ಲಿನ್. "ಗಂಡ ಸತ್ತವಳ ಎರಡನೇ ಮದುವೆಗೆ ರೋಸ್ ಇಲ್ಲ. ಒಮ್ಮೆ ಆದದ್ದು ಆಯ್ತು."

"ಗೊತ್ತುಂಟು," ಎಂದಳು ಫ್ಲೋರಿನ್.

"ನಮ್ ಕಡೀನೂ ಹಂಗ ಐತ್ರಿ," ಎಂದ ಯಮನೂರಪ್ಪ ಹೊರಗಿನಿಂದ. "ಉಡಿಕಿ ಅಂತೀವಿ. ಅರಿಷಿಣ ಇಲ್ಲ, ಬಾಜಾ ಇಲ್ಲ. ಸುಮ್ನ ಕರ್ಕೊಂಡ್ ಹೋಗೂದು."

"ನಿಮ್ಮಲ್ಲೂ ಹಾಗೆಯಾ?" ಎಂದಳು ಕಾರ್ಮಿನ್. ಊರುಗೋಲಿಗೆ ಕೈ ಚಾಚಿದಳು. "ಅಷ್ಟು ದೂರದ ಎರಡು ಊರಿನವರು ಸೇರಿ ಒಂದೇ ತಪ್ಪು ಮಾಡಿದ್ದಾರೆ ಅಂತಾಯ್ತು."

ಊರುಗೋಲು ಮಂಚದ ಅಡಿಗೆ ಬಂತು. ನನ್ನ ಕತ್ತಿಗೆ ಸಿಕ್ಕಿಸಿ ಅವಳು ನನ್ನನ್ನು ಬೆಳಕಿಗೆ ಎಳೆದಳು.

"ಮಿಕ್ಸಿ ಉಂಟಲ್ಲ ಕಾರ್ಮಿನ್ ಬಾಯಿ," ಎಂದಳು ಪಾವ್ಲಿನ್.

"ಮಿಕ್ಸಿಯ ಹಾಲು ಸಾರಿಗೆ. ರೋಸಿಗೆ ಅಲ್ಲ."

"ಆ ಕುಳ್ಳು ಮಣೆಯಲ್ಲಿ ಕೂತರೆ ನಿನಗೆ ಏಳ್ಲಿಕ್ಕೆ ಆಗ್ತದಾ?"

"ಎಬ್ಬಿಸುವವನು ಜಗಲಿಯಲ್ಲಿ ಇದ್ದಾನೆ."

ಗೋಡೆ ಹಿಡಿದು, ಉಸಿರು ಬಿಟ್ಟು, ಅವಳು ಕುಳಿತಳು. ಮೈಯಲ್ಲಿ ಮಾಂಸ ಉಳಿದಿರಲಿಲ್ಲ. ಆದರೂ ಆ ಭಾರ ನನಗೆ ಗೊತ್ತಾಯಿತು. ಅದು ಅತ್ತೆಯದಲ್ಲ, ಶೆಟ್ಟರ ಮನೆಯಲ್ಲಿ, ಮೊಯಿದಿನಬ್ಬನ ಮನೆಯಲ್ಲಿ ಹೊತ್ತಿದ್ದ ಅದೇ ಭಾರ. ನನಗೆ ಈಗ ಹದಿಮೂರೇ ಹಲ್ಲು, ಅವಳಿಗೆ ಇನ್ನೂ ಕಡಿಮೆ. ಇಬ್ಬರೂ ಸೇರಿ ಒಂದು ಕಾಯಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಹಾಲು ಹಿಂಡಿ, ಕೈ ಒರೆಸಿಕೊಂಡು, ಅವಳು ಕರೆದಳು: "ಕಂಡಕ್ಟರೇ, ಬಾ."

ಅವನು ಚೀಲ ಇಳಿಸಿ ಬಂದು ಎರಡೂ ಕೈ ಕೊಟ್ಟ. "ಸಾವಕಾಶ ಏಳ್ರಿ ಅವ್ವಾರ. ಬಸ್ಸು ನಿಂತೈತಿ."

ಪಾವ್ಲಿನ್ ಮದುಮಗಳಿಗೆಂದು ಕುರ್ಚಿ ತಂದಳು.

"ಕುರ್ಚಿ ಬೇಡ, ಕಾಯಿ ಹೆರೆದು ಹೆಗಲು ಸೋತಿದೆ, ಕೈ ಅಷ್ಟು ಮೇಲೆ ಹೋಗುವುದಿಲ್ಲ," ಎಂದಳು ಕಾರ್ಮಿನ್. "ಫ್ಲೋರಿನ್, ಮಣೆಯಲ್ಲೇ ಕೂತ್ಕೊ."

ಫ್ಲೋರಿನ್ ನನ್ನ ಮೇಲೆ ಅಡ್ಡಲಾಗಿ ಕುಳಿತಳು. ಅವಳ ತಲೆ ಕಾರ್ಮಿನಳ ಸೊಂಟದ ಹತ್ತಿರ ಬಂತು, ಹಿಂದೊಮ್ಮೆ ಇನಾಸ ಕೈ ಹಿಡಿದು ತೋರಿಸಿದ ಜಾಗಕ್ಕೆ.

"ನೋಡು," ಎಂದಳು ಕಾರ್ಮಿನ್, "ನನ್ನ ಯಜಮಾನರ ಅಳತೆ ಈಗ ಸರಿ ಬಂತು."

ಪಾವ್ಲಿನ್ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ರೋಸಿನ ಹಾಡು ಎತ್ತಿಕೊಂಡಳು. ನೆತ್ತಿಯ ಮೇಲೆ ಇಟ್ಟ ಕೈಯಿಂದ ಹಾಲು ಕೂದಲಿಗೆ ಇಳಿದು, ಕಿವಿಯ ಹಿಂದಿನಿಂದ ಜಾರಿ, ಎಂಟು ವರ್ಷದಿಂದ ಒಣಗಿದ್ದ ನನ್ನ ಹಲಸಿನ ಮೈಮೇಲೆ ಒಂದು ಹನಿ ಬಿತ್ತು.